ಬೇಲಿ ಮೇಲೆ ಕೂತ ಮಿಂಚೊ

ಬುಕೋವೊ ದೋಲ್,
26 ನವೆಂಬರ್ 1934

ಪ್ರೀತಿಯ ತಮ್ಮ ವೆಲ್ಕೊ,

ಹೇಗಿದ್ದೀಯಪ್ಪ? ಕೆಮ್ಮು ನಿಂತಿತೇ? ಅರ್ಜೆಂಟೀನಾದಲ್ಲಿ ಈಗ ಬೇಸಿಗೆ ಎಂದರೆ ನನಗಿನ್ನೂ ನಂಬಿಕೆಯಿಲ್ಲ. ಎದೆಗೆ ಉಣ್ಣೆಬಟ್ಟೆ ಸುತ್ತಿಕೊಳ್ಳುವುದನ್ನು ಬಿಡಬೇಡ. ನನ್ನ ಮಂಡಿನೋವು ಹಾಗೇ ಇದೆ, ಅದು ಇರಲಿ. ಈಗ ಕೂತುಕೊಂಡು ಓದು. ಮಿಂಚೊ ಸಿಕ್ಕಿದ. ಅವನನ್ನು ಕೊಂದವನು ನೀನಲ್ಲ ಎಂದು ಇಡೀ ಊರಿಗೆ ಗೊತ್ತಾಯಿತು.

ಸತ್ತವರಿಗೆ ಎಡೆಯಿಡುವ ಶನಿವಾರ ಎಂದಿನಂತೆ ಬೇಯಿಸಿದ ಗೋಧಿ, ವೈನು ಹಿಡಿದು ಅಮ್ಮನ ಸಮಾಧಿಗೆ ಹೋಗಿದ್ದೆ. ಮಿಂಚೊನ ತಾಯಿ ರುಸಾನಾ ಅಜ್ಜಿಯೂ ಬಂದಿದ್ದಳು. ಹೆಂಡದಂಗಡಿಯಲ್ಲಿ ನಿನ್ನ ಜೊತೆ ಜಗಳವಾಡಿ ಎದ್ದುಹೋದ ಮಗ ಮನೆ ಸೇರಲಿಲ್ಲ ಎಂದಮೇಲೆ ಅವಳು ನಮ್ಮ ಮನೆಯವರ ಜೊತೆ ಮಾತಾಡಿದವಳಲ್ಲ. ಮಗನ ಹೆಸರಿನಲ್ಲಿ ಒಂದು ಕಾಳು ಗೋಧಿ ಇಟ್ಟವಳೂ ಅಲ್ಲ. ಇಟ್ಟರೆ ಸತ್ತನೆಂದು ಒಪ್ಪಿದಂತೆ ಎಂಬ ಹಠ. ಈ ವರ್ಷ ಪಾಪ, ಹಠ ಸೋತಿತ್ತು. ಅವನಿಗೆ ಸಮಾಧಿಯೇ ಇಲ್ಲವಲ್ಲ, ಬಟ್ಟಲನ್ನು ಸ್ಮಶಾನದ ಗೋಡೆಯ ಬುಡದಲ್ಲಿಟ್ಟು, ನನ್ನ ಕಡೆ ನೋಡದೆ ಹೊರಟುಹೋದಳು. ನಾನು ತಿರುಗಿದರೆ, ನಡುಹಗಲಿನಲ್ಲಿ, ಅಮ್ಮ ತನ್ನ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಿಂಚೊ, ಸೊಂಟದವರೆಗೂ ಸುಣ್ಣ ಮೆತ್ತಿಕೊಂಡು, ಆ ಗೋಧಿಯನ್ನು ಗಬಗಬನೆ ತಿನ್ನುತ್ತಿದ್ದ. ಹೆದರುವುದಕ್ಕೂ ಅಮ್ಮ ಬಿಡಲಿಲ್ಲ. “ಏನೇ ಹಾಗೆ ಕಣ್ಣು ಬಿಡ್ತೀಯ? ಆ ವೈನ್ ಇತ್ತ ಕೊಡು, ಇವನಿಗೆ ಗಂಟಲಲ್ಲಿ ಸಿಕ್ಕೊಳ್ತು.” ಮಿಂಚೊ ಕುಡಿದು ಬಾಯಿ ಒರೆಸಿಕೊಂಡ. “ದೋನ್ಕಕ್ಕಾ, ಯಾರೂ ಕರೀದೆ ಹೇಗೆ ಬರ್ಲಿ? ಇವತ್ತು ಅವ್ವ ಕರೆದ್ಳು, ಬಂದೆ. ಕಟುಕ ಸ್ತಾಮೆನ್ ಹಿತ್ತಲಲ್ಲಿ ಸುಣ್ಣದ ಗುಂಡಿ ಇದ್ಯಲ್ಲ, ಅಲ್ಲಿದೀನಿ. ನನ್ನ ಟಗರನ್ನೇ ಕದ್ದು ಕೊಯ್ತಿದ್ದ, ನೋಡ್ಬಿಟ್ಟೆ. ಹಿಂದಿನಿಂದ ಕೊಡಲೀಲಿ ಹೊಡ್ದ.”

ಮಂಡಿನೋವು ಎಲ್ಲಿತ್ತೋ, ರುಸಾನಾ ಮನೆಗೆ ಓಡಿದೆ. ನಾನು ಹೇಳಿದ್ದು ಕೇಳಿ ಅವಳು ಬಾಗಿಲಲ್ಲೇ ಕೋಲೆತ್ತಿದಳು. “ನಿನ್ನ ತಮ್ಮನ್ನ ಉಳಿಸೋಕೆ ನನ್ನ ಮಗನ ದೆವ್ವಾನೇ ಬೇಕಾಯ್ತೇನೇ?” ಎಂದವಳು ನನ್ನ ಬೆನ್ನ ಹಿಂದೆ ಏನನ್ನು ಕಂಡಳೋ, ಕೋಲು ಕೆಳಗಿಳಿಯಿತು. “ಅಯ್ಯೋ, ಚಳೀಲಿ ಟೋಪಿ ಇಲ್ದೆ ಬಂದಿದೀಯಲ್ಲೋ” ಎಂದಷ್ಟೇ ಅವಳ ಬಾಯಿಂದ ಬಂತು. ಆಮೇಲೆ ನನ್ನ ಕೈ ಹಿಡಿದುಕೊಂಡಳು ವೆಲ್ಕೊ, ಊರೆಲ್ಲ ನೋಡುವಂತೆ ಹಿಡಿದುಕೊಂಡೇ ಸ್ತಾಮೆನ್ ಮನೆಗೆ ನಡೆದಳು. ದಾರಿಯಲ್ಲಿ ಕರೆದ ಪೊಲೀಸಿನವನು ಮೀಸೆಯಡಿ ನಗುತ್ತ ಹಿಂದೆ ಬಂದ.

ಸ್ತಾಮೆನ್ ಈಗ ಹಣ್ಣು ಮುದುಕ. ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದ. “ಹೆಂಗಸ್ರಿಗೆ ತಲೆ ಕೆಟ್ಟಿದೆ” ಎಂದು ನಕ್ಕವನು ಬೇಲಿಯ ಕಡೆ ನೋಡಿದ. ಕೈಲಿದ್ದ ಕಾಳೆಲ್ಲ ಕಾಲ ಮೇಲೆ ಸುರಿಯಿತು. ಪೊಲೀಸಿನವನಿಗೆ ಬರೀ ಬೇಲಿ ಕಂಡಿತಂತೆ. “ಅವನನ್ನ ಅಲ್ಲಿಂದ ಇಳಿಯೋಕೆ ಹೇಳಿ. ಮೊದ್ಲು ಇಳೀಲಿ, ಎಲ್ಲಾ ಹೇಳ್ತೀನಿ” ಎಂದು ಸ್ತಾಮೆನ್ ನಿಂತಲ್ಲೇ ಕುಸಿದ. “ಇಳಿಯೋ ಮಗನೇ, ಸಾಕು” ಎಂದಳು ರುಸಾನಾ. ಗುಂಡಿ ಅಗೆದಾಗ ಎಲುಬುಗಳ ಜೊತೆ ಅವನ ಟಗರಿನ ಗಂಟೆಯೂ ಸಿಕ್ಕಿತು. ಸ್ತಾಮೆನ್‌ನನ್ನು ಪಟ್ಟಣಕ್ಕೆ ಕರೆದೊಯ್ದರು.

ಭಾನುವಾರ ಪಾದ್ರಿಗಳು ನಿನ್ನ ಹೆಸರು ಹಿಡಿದು ಎಲ್ಲರೆದುರು ಪ್ರಾರ್ಥಿಸಿದರು. ನಾನು ಬಾವಿಯ ಹತ್ತಿರ ಕೊಡ ಇಳಿಸಿ ಹೊತ್ತು ಮುಳುಗುವವರೆಗೆ ಹರಟಿದೆ. ಇಷ್ಟು ವರ್ಷ ನೀರು ಸೇದಿದವಳೇ ತಲೆ ತಗ್ಗಿಸಿ ಮನೆಗೆ ಬರುತ್ತಿದ್ದೆ. ಎದೆಯ ಮೇಲಿದ್ದ ಬಂಡೆ ಉರುಳಿದಂತಾಗಿದೆ. ಅಮ್ಮ ಮತ್ತೆ ಕಾಣಲಿಲ್ಲ, ನೆಮ್ಮದಿಯಾಗಿ ಮಲಗಿರಬೇಕು.

ದೇವಮಾತೆ ನಿನ್ನ ನೆತ್ತಿ ಕಾಯಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ,
ದೋನ್ಕಾ

ತಾ.ಕ.: ಅಂಚೆಯವನು ಹೊರಗೆ ಕೂಗುತ್ತಿದ್ದಾನೆ. ರುಸಾನಾ ಅಜ್ಜಿ ಪಕ್ಕದಲ್ಲೇ ನಿಂತಿದ್ದಾಳೆ, ಇದನ್ನು ಬರೆಯದೆ ಕಾಗದ ಮಡಚಲು ಬಿಡುವುದಿಲ್ಲ. ಮಿಂಚೊನ ಪೆಟ್ಟಿಗೆ ಚರ್ಚಿನಲ್ಲೇ ಇದೆ, ಹೂಳಲು ಅವಳು ಒಪ್ಪುತ್ತಿಲ್ಲ. “ವೆಲ್ಕೊ ಬಂದು ಹೆಗಲು ಕೊಡ್ಲಿ. ಬೇರೆ ಯಾರೂ ನನ್ನ ಮಗನ್ನ ಮುಟ್ಟೋ ಹಾಗಿಲ್ಲ. ಮಿಂಚೊ ಕಾಯ್ತಾನೆ, ನನಗೆ ಅಷ್ಟು ಟೈಮಿಲ್ಲ ಅಂತ ಬರಿ” ಎನ್ನುತ್ತಿದ್ದಾಳೆ. ಸಿಕ್ಕಿದ ಮೊದಲ ಹಡಗು ಹತ್ತು.