ಹೂಕುಂಡದ ವಾಸನೆ

ಜುಲೈ 3, ಬೆಳಗ್ಗೆ 11

ಲ್ಯಾಬಿನ ಸ್ಟೋರ್‌ರೂಮು. ಒಳಗಿನಿಂದ ಚಿಲಕ. ಎದೆಹಾಲಿನ ಪಂಪು ಗುರ್ರ್ ಅನ್ನುತ್ತಿದೆ. ಎದುರಿನ ಜಾಡಿಯಲ್ಲಿ ಹೊಟ್ಟೆ ಸೀಳಿದ ಕಪ್ಪೆ. ದಿನಾ ನನ್ನನ್ನೇ ನೋಡುತ್ತದೆ. ಔಷಧಿಯ ಘಾಟು, ಬೆವರು, ಹೆಗಲ ಮೇಲೆ ಪುಟ್ಟಿ ಕಕ್ಕಿದ ಹುಳಿ ಹಾಲು... ಥೂ. ಇಡೀ ಶಾಲೆಯಲ್ಲಿ ಬಾಣಂತಿ ಟೀಚರಿಗೆ ಸಿಕ್ಕ ಏಕಾಂತ ಇದು.

ಬಾಟಲಿ ತುಂಬುವುದನ್ನು ನೋಡುವುದಿಲ್ಲ. ನನ್ನದೇ ಹಾಲು, ಆದರೂ ಹೇಸಿಗೆ. ಮುಚ್ಚಳ ಬಿಗಿದು ಐಸ್ ಹಾಕಿದ ಫ್ಲಾಸ್ಕಿಗೆ ಇಳಿಸುತ್ತೇನೆ, ಅಷ್ಟೇ. ಸಂಜೆ ಮನೆಯ ಫ್ರಿಜ್ಜಿಗೆ. ಮಾರನೆಯ ದಿನ ನಾನು ಇಲ್ಲಿರುವಾಗ ಅತ್ತೆ ಪುಟ್ಟಿಗೆ ಕುಡಿಸುತ್ತಾರೆ.

ಏಳನೇ ಕ್ಲಾಸಿಗೆ ಬ್ರೆಡ್ ಒದ್ದೆ ಮಾಡಿ ಡಬ್ಬಿಯಲ್ಲಿ ಮುಚ್ಚಿಡಲು ಹೇಳಿದೆ. ಮುಂದಿನ ವಾರ ಬೂಷ್ಟು ನೋಡಬೇಕು. ಈಗಲೇ ಓಕರಿಕೆ.

ಜುಲೈ 5

ಪುಟ್ಟಿಯ ತೂಕ ಏರಿಲ್ಲ. ಎಳ್ಳಷ್ಟೂ ಇಲ್ಲ.

"ಹಗಲು ಏನು ಕುಡಿಸ್ತೀರಿ?" ಡಾಕ್ಟರಮ್ಮ ಕೇಳಿದರು.

"ನನ್ನ ಹಾಲೇ. ಬಾಟ್ಲಿಯಲ್ಲಿ. ಅತ್ತೆ ಕುಡಿಸ್ತಾರೆ."

ಅತ್ತೆ ಸೆರಗು ಸರಿಮಾಡಿಕೊಂಡರು.

"ಹದಿನೇಳಕ್ಕೆ ಕರ್ಕೊಂಡು ಬನ್ನಿ. ಆಗ್ಲೂ ಹೀಗೇ ಇದ್ರೆ ಅಡ್ಮಿಟ್ ಮಾಡಿ ಟೆಸ್ಟ್ ಮಾಡ್ಸೋಣ."

ಅಷ್ಟು ಸಣ್ಣ ಕೈಗೆ ಸೂಜಿ! ಮನೆಗೆ ಬಂದರೆ ಇವರು ಚಪ್ಪರಿಸಿಕೊಂಡು ಉಣ್ಣುತ್ತಾ, "ಸುಮ್ನೆ ತಲೆ ಕೆಡಿಸ್ಕೋಬೇಡ. ನಮ್ಮನೇಲಿ ಎಲ್ಲರೂ ಕಡ್ಡಿಗಳೇ," ಅಂದರು. ಆ ಚಪ್ಪರಿಕೆ ಕೇಳಿಯೇ ತಟ್ಟೆ ಬಿಟ್ಟು ಎದ್ದೆ.

ಜುಲೈ 8

ನಿದ್ದೆ ಇಲ್ಲ. ಪುಟ್ಟಿಯ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಾ ಬೆಳಗಾಯಿತು.

ಕ್ಲಾಸಲ್ಲಿ ಜೊಲ್ಲಿನ ಪ್ರಯೋಗ. ಪಿಷ್ಟ, ಅಯೋಡಿನ್, ಮಕ್ಕಳ ಎಂಜಲು. ನಲವತ್ತು ಬಾಯಿ ಪ್ರನಾಳಕ್ಕೆ ಥೂ ಥೂ ಅನ್ನುವುದನ್ನು ನೋಡಬೇಕಾದರೆ ಕಲ್ಲೆದೆ ಬೇಕು. ಮುಂದಿನ ಬೆಂಚಿನ ವಟವಟ ಹುಡುಗಿ ಕೇಳಿದಳು: "ಮಿಸ್, ನೀವೂ ಉಗೀರಿ ಮಿಸ್!"

"ನನ್ನದು ಬೇಡ. ನಿಮ್ಮದೇ ಸಾಕು."

ಸಂಜೆ ಬಾಲ್ಕನಿಯಲ್ಲಿ ನಾತ. ಇಲಿ ಸತ್ತಿರಬೇಕು. ಇವರು ವಾಷಿಂಗ್ ಮಷೀನಿನ ಕೆಳಗೆ ಕೋಲಾಡಿಸಿದರು. "ಇಲಿನೂ ಇಲ್ಲ, ಹಲ್ಲಿನೂ ಇಲ್ಲ. ನಿನ್ನ ಮೂಗಿಗೆ ಬೇರೆ ಕೆಲ್ಸ ಇಲ್ಲ."

ಜುಲೈ 11

ಡಬ್ಬಿ ಬಿಚ್ಚಿದೆವು. ಬಿಳೀ ಹತ್ತಿಯಂಥ ಬೂಷ್ಟು, ನಡುನಡುವೆ ಕಪ್ಪು ಚುಕ್ಕಿ. ಮಕ್ಕಳು ಕಿರುಚಿದರು. ಮೂಗಿಗೆ ಸೆರಗು ಹಿಡಿದೇ ಪಾಠ ಮಾಡಿದೆ: ಗಿಡ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಬೇರಿಗೆ ನೀರು, ಲವಣ ಸಾಕು. ಬೂಷ್ಟಿಗೆ ಆ ಯೋಗ್ಯತೆ ಇಲ್ಲ. ಕೊಳೆತದ್ದರ ಮೇಲೆ ತನ್ನ ರಸ ಸುರಿದು ಹೀರುತ್ತದೆ.

ಮನೆಗೆ ಬಂದು ಬಾಲ್ಕನಿಗೆ ಹೋದೆ. ಮೂಲೆಯ ಹೂಕುಂಡ. ಎಲೆ ಹಳದಿ. ಮಣ್ಣಿನ ಮೇಲೆ ಅದೇ ಬಿಳೀ ಹತ್ತಿ, ನೊಣ ಮುತ್ತಿದೆ. ಬಗ್ಗಿದೆ.

ಇಲಿ ಅಲ್ಲ. ಈ ವಾಸನೆ ದಿನಾ ನನ್ನ ಹೆಗಲ ಮೇಲೆ ಇರುತ್ತದೆ.

ಚಮಚದಿಂದ ಕೆದಕಿದೆ. ಮಣ್ಣಲ್ಲಿ ಒಡೆದ ಹಾಲಿನ ಗಂಟು ಗಂಟು.

"ಅತ್ತೆ, ಇದಕ್ಕೆ ಏನು ಹಾಕ್ತಿದೀರಿ?"

"ನೀರು."

"ಅತ್ತೆ."

ಬಾಗಿಲು ಹಿಡಿದು ಕೆಳಗೇ ಕೂತರು. "ನಿನ್ನ ಹಾಲು ಕಣೇ."

ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. "ನನ್ನ ಮಗು ಒಣಗ್ತಿದೆ, ನೀವು ಗಿಡಕ್ಕೆ ಹಾಲು ಕುಡಿಸ್ತಿದೀರಾ?"

"ಅವಳು ಬಾಯಿಗೇ ತಗೊಳ್ಳಲ್ಲ, ಉಗೀತಾಳೆ. ಮೋರಿಗೆ ಚೆಲ್ಲೋಕೆ ನನಗೆ ಕೈ ಬರ್ಲಿಲ್ಲ..."

"ಮತ್ತೆ ಅವಳಿಗೆ ಏನು ಕೊಟ್ರಿ?"

"ಪ್ಯಾಕೆಟ್ ಹಾಲು. ಅರಗ್ಲಿ ಅಂತ ನೀರು ಬೆರೆಸಿ. ತೆಳ್ಳಗೆ."

ನೀರು. ಐದು ತಿಂಗಳ ಕೂಸಿಗೆ ನೀರು ಹಾಲು. ಬೇಸಿನ್ನಿಗೆ ಓಡಿ ವಾಂತಿ ಮಾಡಿಕೊಂಡೆ.

ಜುಲೈ 14

ರಜೆ ಹಾಕಿದ್ದೇನೆ. ಎದೆಯಿಂದಲೇ ಕುಡಿಸುತ್ತಿದ್ದೇನೆ. ಅತ್ತೆಯ ಜೊತೆ ಮಾತಿಲ್ಲ. ಅವರ ಕೈ ಕಂಡರೂ ಅಸಹ್ಯ.

ಇವತ್ತು ಅವರೇ ಬಂದರು. ಫ್ರಿಜ್ಜಿನಲ್ಲಿ ಉಳಿದಿದ್ದ ಬಾಟಲಿಯನ್ನು ನನ್ನ ಮುಂದೆ ಕುಕ್ಕಿದರು. "ಒಂದೇ ಒಂದ್ಸಲ ಮೂಸಿ ನೋಡು. ಆಮೇಲೆ ನನ್ನನ್ನ ಬೀದಿಗೆ ಹಾಕು, ಬೇಡ ಅನ್ನಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೆತ್ತೋಳಿಗೆ ನಿನ್ನ ಹಾಲು ನಾತ ಅಂತ ಯಾವ ಬಾಯಲ್ಲಿ ಹೇಳ್ಲಿ? ಮೊದಲೇ ಕಣ್ಣಿಗೆ ನಿದ್ದೆ ಇಲ್ಲ ನಿನಗೆ."

ಮುಚ್ಚಳ ತೆಗೆದೆ. ನೆನೆದ ಸೋಪು. ತುಕ್ಕು ಹಿಡಿದ ಕಬ್ಬಿಣದ ವಾಸನೆ. ದಿನಾ ಫ್ಲಾಸ್ಕ್ ಹೊತ್ತು ತಂದವಳು ನಾನು. ಒಮ್ಮೆಯೂ ಮೂಸಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್. ನೀರು ಹಾಲಿನ ವಿಷಯಕ್ಕೆ ಬೈಗುಳ, ಅದು ಮತ್ತೆಂದೂ ಕೂಡದು. ಆಮೇಲೆ ಹೇಳಿದರು: ಕೆಲವು ತಾಯಂದಿರ ಹಾಲಲ್ಲಿ ಕೊಬ್ಬು ಅರಗಿಸುವ ಕಿಣ್ವ ಚುರುಕು. ಫ್ರಿಜ್ಜಿನಲ್ಲೂ ಸುಮ್ಮನಿರುವುದಿಲ್ಲ. ಹಾಲು ಕೆಟ್ಟಿಲ್ಲ, ರುಚಿ ಕೆಟ್ಟಿದೆ, ಕೆಲವು ಮಕ್ಕಳು ಒಲ್ಲೆ ಅನ್ನುತ್ತವೆ. ತೆಗೆದ ಕೂಡಲೇ ಬಿಸಿ ಮಾಡಿ, ಕಿಣ್ವ ಸುಮ್ಮನಾಗುತ್ತದೆ. ಅಂಚಲ್ಲಿ ಗುಳ್ಳೆ ಬಂದರೆ ಸಾಕು, ಕುದಿಸಬೇಡಿ. ತಕ್ಷಣ ತಣ್ಣಗೆ ಮಾಡಿ.

ಕಿಣ್ವ, ಕೊಬ್ಬು, ಉಷ್ಣ. ಮೂರೂ ನನ್ನದೇ ಪಾಠ!

ಜುಲೈ 15, ಮಧ್ಯಾಹ್ನ

ಸ್ಟೋರ್‌ರೂಮು. ಪುಟ್ಟಿಗೆ ಎದೆಹಾಲು ಕುಡಿಸಿ, ರಜೆ ಮುಗಿಸಿ ಅರ್ಧ ದಿನಕ್ಕೆ ಬಂದಿದ್ದೇನೆ. ಮನೆಯಿಂದ ತಂದ ಸ್ಟೀಲ್ ಪಾತ್ರೆ, ಲ್ಯಾಬಿನ ಒಲೆ. ಮೊದಲ ಸಲ ಕಣ್ಣಿಟ್ಟು ನೋಡಿದೆ. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಯ ಉಂಗುರ. ಇಳಿಸಿ, ತಣ್ಣೀರಲ್ಲಿಟ್ಟೆ. ಅಟೆಂಡರ್ ಇಣುಕಿದ: "ಯಾವ ಪ್ರಯೋಗ ಮೇಡಂ?"

"ಉಷ್ಣ."

ಒಂದು ಬಾಟಲಿ ಬಿಸಿ ಮಾಡಿದ್ದು, ಒಂದು ಮಾಡದ್ದು. ಹೋಲಿಸಿ ನೋಡಲು.

ಜುಲೈ 16, ಬೆಳಗ್ಗೆ 10

ಭಾನುವಾರ. ನಾಳೆ ತೂಕ.

ಎರಡು ಲೋಟ. ಅತ್ತೆಯೇ ಮೊದಲು ಬೆರಳದ್ದಿ ನೆಕ್ಕಿದರು. ಬಿಸಿ ಮಾಡದ್ದಕ್ಕೆ ಮುಖ ಸಿಂಡರಿಸಿದರು. "ಅದೇ ಸೋಪು." ಇನ್ನೊಂದಕ್ಕೆ ನಾಲಿಗೆ ಚಪ್ಪರಿಸಿದರು. "ಏನೂ ವಾಸನೆ ಇಲ್ಲ. ತಗೋ, ನೀನೂ ನೋಡು."

ಕಣ್ಣು ಮುಚ್ಚಿ ಬೆರಳು ಬಾಯಿಗಿಟ್ಟೆ.

ಸಿಹಿ. ತೆಳು ಸಿಹಿ. ಜಾಡಿಯ ಕಪ್ಪೆಗಿಂತ ಹೆಚ್ಚು ಹೇಸಿದ್ದು ಇದಕ್ಕೆ!

"ಈಗ ನೀನು ಹೊರಗೆ ಹೋಗಿ ಕೂತ್ಕೋ," ಅಂದರು ಅತ್ತೆ. "ಅಮ್ಮನ ವಾಸನೆ ಬಂದ್ರೆ ಬಾಟ್ಲಿ ಮುಟ್ಟಲ್ಲ ಅವಳು."

ಬಾಗಿಲಾಚೆ ಸ್ಟೂಲಿನ ಮೇಲೆ ಕೂತಿದ್ದೇನೆ. ಎದ್ದು ಒಳಗೆ ಹೋಗದಿರಲಿ ಎಂದು ಬರೆಯುತ್ತಿದ್ದೇನೆ. ಸಂದಿಯಲ್ಲಿ ಅತ್ತೆಯ ಮೊಣಕೈ, ಪುಟ್ಟಿಯ ಕೆನ್ನೆ, ಬಾಟಲಿಯ ತಳ ಕಾಣುತ್ತಿದೆ.

ಮುಖ ತಿರುಗಿಸಿದಳು.

"ಬಾರೇ ನನ್ನ ರಾಣಿ, ಇದು ಸೋಪಲ್ಲ ಕಣೇ, ನಿಮ್ಮಮ್ಮನ ಆಣೆ..."

ಮತ್ತೆ ಮುಟ್ಟಿಸಿದರು. ಒಂದು ಚೀಪು. ನಿಲ್ಲಿಸಿದಳು. ಉಗಿಯುತ್ತಾಳೆ ಈಗ. ಉಗಿದೇ ಉಗಿಯುತ್ತಾಳೆ...

ಇಲ್ಲ. ಗುಟುಕಿನ ಜೊತೆ ಬಾಟಲಿಯ ತಳಕ್ಕೆ ಒಂದು ಗುಳ್ಳೆ ಏರಿತು.

ಇನ್ನೊಂದು.

ಅತ್ತೆಯ ಮೊಣಕೈ ಮೆಲ್ಲಗೆ ಮೇಲೇರಿತು. ಮತ್ತೊಂದು, ಅದರ ಹಿಂದೆಯೇ ಮತ್ತೊ—