ಕೇಸರಿ ಹಾಲು

ಸಾಂಟಾ ಕ್ಲಾರಾ
ಗುರುವಾರ, ೧೪ ಮಾರ್ಚ್ ೧೯೮೫

ಜಲಜಕ್ಕನಿಗೆ ವೇದಾಳ ನಮಸ್ಕಾರ, ಜೊತೆಗೆ ಒಂದು ಜಗಳ.

ನಾನು ಕೇಸರಿ ಕಳಿಸು ಎಂದು ಬರೆದರೆ ನೀನು ಕೇಸರಿಭಾತಿಗೆ ಹಾಕುವ ಬಣ್ಣ ಕಳಿಸುವುದೇ? ಅದೂ ಡಬ್ಬಿಗೆ ಸುರಿದು, ಹೆಸರು ಬರೆಯದೆ! ಹೂವಿನ ಕೇಸರಿಯನ್ನೇ ಪುಡಿ ಮಾಡಿ ಕಳಿಸಿದ್ದೀಯ ಎಂದುಕೊಂಡೆ. ಘಮವಿಲ್ಲವಲ್ಲ ಅನ್ನಿಸಿತ್ತು, ಹಳೆಯದಿರಬೇಕು ಎಂದು ಸುಮ್ಮನಾದೆ. ಇವತ್ತು ಹಾಲು ಚೆಲ್ಲಿ, ಒಲೆಯ ಪಕ್ಕದ ಬಿಳಿ ಕಟ್ಟೆ ಎಷ್ಟು ತಿಕ್ಕಿದರೂ ಕಿತ್ತಳೆಯಾಗಿಯೇ ಉಳಿದಾಗ ಗೊತ್ತಾಯಿತು, ಇದು ಬರೀ ಬಣ್ಣ ಎಂದು.

ನಗಬೇಡ. ಪದ್ದಿಯ ವಿಷಯ ನಿನಗೆ ಪೂರ್ತಿ ಬರೆದಿರಲಿಲ್ಲ. ಏಳು ವರ್ಷದ ಮಗಳು ಕ್ಲಾಸಿನಲ್ಲಿ ಐದು ನಿಮಿಷ ಕೂರುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ ಮಾತ್ರೆ ಶುರುಮಾಡಿ, ಇಲ್ಲವೇ ಬೇರೆ ಕ್ಲಾಸಿಗೆ ಹಾಕಬೇಕಾಗುತ್ತದೆ ಎಂದರು ಸ್ಕೂಲಿನವರು. ಊಟ ಬದಲಾಯಿಸಿ ನೋಡುತ್ತೇನೆ, ಆರು ವಾರ ಕೊಡಿ ಎಂದು ಬೇಡಿಕೊಂಡು ಆಫೀಸಿಗೆ ರಜೆ ಹಾಕಿದೆ. ತಿಂಡಿಗೆ ಹಾಕುವ ಬಣ್ಣದಿಂದಲೇ ಮಕ್ಕಳು ಹೀಗೆ ಕುಣಿಯುತ್ತಾರೆ ಎನ್ನುತ್ತದೆ ಇಲ್ಲಿಯ ಒಂದು ಪುಸ್ತಕ. ಬಣ್ಣದ ಸೀರಿಯಲ್ಲು, ಕೆಚಪ್ಪು, ಜೆಲ್ಲೊ ಎಲ್ಲಾ ಕಸಕ್ಕೆ ಹೋದವು. ಅದರ ಪಟ್ಟಿಯಲ್ಲಿ ಟೊಮೇಟೊ, ಕಿತ್ತಳೆ, ದ್ರಾಕ್ಷಿಯೂ ಬೇಡವೆಂದಿತ್ತು. ಬರೀ ಹೆಸರುಬೇಳೆ ತೊವ್ವೆ, ಬಾಳೆಹಣ್ಣು. ಬೆಳಿಗ್ಗೆ ಬಿ ವಿಟಮಿನ್ ಮಾತ್ರೆ. ಅದರ ವಾಸನೆಗೆ ಅವಳು ಮೂಗು ಹಿಡಿದುಕೊಂಡು ಮನೆಯೆಲ್ಲ ಓಡುವುದು, ಹಿಂದೆ ನಾನು. ತಿಂದದ್ದು, ಕುಣಿದದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ.

ಸ್ಕೂಲಿನಿಂದ ಬಂದ ಮೇಲೆ ಒಂದು ಲೋಟ ಕೇಸರಿ ಹಾಲು. ಮನಸ್ಸು ತಣ್ಣಗಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ. ಸಿಂಕಿಗೆ ಸುರಿದಾಳೆಂದು, ಮುಗಿಯುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದೆ. ಅರ್ಧ ಗಂಟೆ ಬೇಕು ಮಹಾರಾಯಿತಿಗೆ. ಅಷ್ಟು ಹೊತ್ತೂ ಬಾಯಿ ತುಂಬ ಕಥೆ.

ಈಗ ಕೇಳು. ಮೂರನೇ ವಾರದಿಂದ ಪದ್ದಿ ಕ್ಲಾಸಿನಲ್ಲಿ ಕೂರತೊಡಗಿದಳು. ಏನು ಮಾಡಿದಿರಿ ಎಂದು ಟೀಚರೇ ಫೋನು ಮಾಡಿ ಕೇಳಿದರು. ನಮ್ಮ ಯಜಮಾನರಂತೂ ಫ್ರೀಮಾಂಟಿನ ಸ್ನೇಹಿತರಿಗೆಲ್ಲ, ಡಯಟ್ಟು ಕಣ್ರೀ, ಬರೀ ಡಯಟ್ಟು, ಎಂದು ಸಾರಿದ್ದೂ ಆಯಿತು. ಆದರೆ ದಿನಾ ಸಂಜೆ ನಾನೇ ಕೈಯಾರೆ ಬಣ್ಣ ಕುಡಿಸಿದ್ದೇನಲ್ಲ, ಅಕ್ಕ! ಹಾಗಿದ್ದರೆ ಅವಳು ಕೂತದ್ದು ಯಾವುದರಿಂದ?

ಇಷ್ಟು ಬರೆಯುವುದರಲ್ಲಿ ಮೂರು ಸಲ ಎದ್ದು ಹೋಗಿ ಬಂದೆ. ಕೂರಲಾಗುತ್ತಿಲ್ಲ.

ಮೊದಲು ಅವಳು ಸಂಜೆ ಆರರವರೆಗೂ ಡೇಕೇರಿನಲ್ಲಿರುತ್ತಿದ್ದಳು. ಈ ಆರು ವಾರ ನಾನು ಮನೆಯಲ್ಲಿದ್ದೆ. ಅಷ್ಟೇ ವ್ಯತ್ಯಾಸ ಎಂದು ಯಾರಾದರೂ ಹೇಳಿಬಿಟ್ಟರೆ? ಸೋಮವಾರಕ್ಕೆ ನನ್ನ ರಜೆ ಮುಗಿಯುತ್ತದೆ. ಹೋಗಲು ಮನಸ್ಸು ತುದಿಗಾಲಲ್ಲಿ ನಿಂತಿದೆ. ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷಿಸುವ ಆ ಲ್ಯಾಬು, ನನ್ನ ಹೆಸರಿನ ಬ್ಯಾಡ್ಜು, ಯಾರೂ ಅಮ್ಮಾ ಎಂದು ಕೂಗದ ಎಂಟು ಗಂಟೆ, ಅದು ನನಗೆ ಬೇಕು. ಊಟದಿಂದ ಗುಣವಾಗಿದ್ದರೆ ಡಬ್ಬಿ ಕಟ್ಟಿಕೊಟ್ಟು ಹೋಗಬಹುದು. ನನ್ನಿಂದ ಗುಣವಾಗಿದ್ದರೆ ಎಲ್ಲಿಗೂ ಹೋಗುವ ಹಾಗಿಲ್ಲ. ಮಗಳಿಗೆ ನಾನೇ ಔಷಧ ಎಂದರೆ ಹೆದರುತ್ತೇನೆ, ಎಂಥ ತಾಯಿಯೋ ನಾನು!

ನಾಳೆ ಸ್ಕೂಲಿನಲ್ಲಿ ಮೀಟಿಂಗು. ನೋಟ್‌ಬುಕ್ಕು ತರಲು ಹೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಹೇಳಲೇಬೇಕು.

ಇಂತಿ, ನಿನ್ನ ಮೇಲೆ ಸಿಟ್ಟು ಮಾಡಲೂ ಬಾರದ ತಂಗಿ,
ವೇದಾ

ಮತ್ತೆ: ಇವತ್ತು ಶುಕ್ರವಾರ, ಕಾಗದ ಇನ್ನೂ ಪೋಸ್ಟಿಗೆ ಹಾಕಿಲ್ಲ. ಮೀಟಿಂಗಿನಲ್ಲಿ, ಎಲ್ಲಾ ಊಟದ್ದೇ ಗುಣ ಎಂದುಬಿಟ್ಟೆ. ಬಣ್ಣದ ವಿಷಯ ಬಾಯಿಗೆ ಬರಲಿಲ್ಲ. ಪದ್ದಿ ಅದೇ ಕ್ಲಾಸಿನಲ್ಲಿರುತ್ತಾಳೆ, ನಾನು ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ. ಬರುವಾಗ ಕಾರಿನಲ್ಲಿ ಅವಳಿಗೆ ಅದನ್ನು ಹೇಳಿದೆ. ಕೈಕಟ್ಟಿ ಕೂತುಕೊಂಡೇ, ತಾನು ಮತ್ತೆ ಮೊದಲಿನ ಹಾಗೆ ಕುಣಿದರೆ ಅಮ್ಮ ಮನೆಯಲ್ಲೇ ಇರುತ್ತಾಳಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.