ಗುರುಶಾಂತವ್ವನ ಇಸಿಜಿ

ಶಿರಸಿ
೧೪ ನವೆಂಬರ್ ೨೦೦೫

ನಮಿತಾ,

ಕ್ಷೇಮ ವಿಚಾರಿಸುವ ಸಾಲನ್ನು ಬಿಟ್ಟಿದ್ದೇನೆ. ಬೇರೆಯವರ ಆರೋಗ್ಯವನ್ನು ನಾನು ಕೇಳುವುದು ಈ ವಾರ ನನಗೇ ಅಸಹ್ಯವಾಗಿ ಕಾಣುತ್ತಿದೆ. ಸಿದ್ದಾಪುರದ ಆಸ್ಪತ್ರೆ ನಿನಗೆ ಹಿಡಿಸಿದೆ ಎಂದು ಯಾರೋ ಹೇಳಿದರು.

ನೀನು ಹೋದ ಮೇಲೆ ನಮ್ಮ ಟೆಲಿಮೆಡಿಸಿನ್ ಕೇಂದ್ರಕ್ಕೆ ಇನ್ನೊಬ್ಬ ನರ್ಸ್ ಬರಲಿಲ್ಲ. ರೋಗಿಯ ಎದೆಗೆ ಇಸಿಜಿ ತಂತಿ ಹಚ್ಚುವುದೂ ನಾನೇ, ಅದನ್ನು ಉಪಗ್ರಹದ ಮೂಲಕ ಬೆಂಗಳೂರಿನ ಡಾಕ್ಟರಿಗೆ ಕಳಿಸುವುದೂ ನಾನೇ. ಬೆವರು, ಎಲೆಯಡಿಕೆ ಕವಳದ ವಾಸನೆ, ತಲೆಯೆಣ್ಣೆ. ಪ್ರತಿಯೊಬ್ಬರ ನಂತರ ಎರಡು ಸಲ ಕೈ ತೊಳೆಯುತ್ತೇನೆ. "ನಿಂಗೆ ತಂತಿ ಕಂಡ್ರೆ ಪ್ರೀತಿ, ಮನುಷ್ಯರ ಮೈ ಕಂಡ್ರೆ ಹೇಸ್ಗೆ" ಎಂದು ಹೊರಡುವ ದಿನ ನೀನು ಹೇಳಿದ್ದೆ. ಅದನ್ನು ನಾನು ಜಗಳದ ಮಾತು ಎಂದುಕೊಂಡಿದ್ದೆ.

ಕಳೆದ ಸೋಮವಾರ ಬನವಾಸಿ ಕಡೆಯ ಗುರುಶಾಂತವ್ವ ಎಂಬವರು ಸೊಸೆ ದಾಕ್ಷಾಯಿಣಿಯ ಜೊತೆ ಬಂದರು. ಎರಡು ದಿನದಿಂದ ಎದೆನೋವು. ನಮಗೆ ಬೆಂಗಳೂರಿನ ಸಂಪರ್ಕ ಸಿಗುವುದು ಹನ್ನೊಂದರಿಂದ ಹನ್ನೊಂದೂಕಾಲರವರೆಗೆ. ಅವರು ನಮ್ಮ ಐನೂರನೆಯ ರೋಗಿ. ಟ್ರಸ್ಟಿನವರೂ ಪತ್ರಿಕೆಯ ಫೋಟೊದವನೂ ಹೊರಗೆ ಕಾಯುತ್ತಿದ್ದರು. ಸೊಸೆಯನ್ನೂ ಅಲ್ಲಿಯೇ ಕೂರಿಸಿದ್ದರು.

ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಮೇಲೆ ಲೋಹ ಇರಕೂಡದು ಎಂದು ನಾನೇ ಬರೆದು ಗೋಡೆಗೆ ಅಂಟಿಸಿದ ಸೂಚನೆ ಇದೆ. ತೆಗೆಯಿರಿ ಎಂದೆ.

"ಜೀವ ಹೋದ್ರೂ ತಗಿಯಂಗಿಲ್ಲಪಾ," ಎಂದರು, ಹಟವಿಲ್ಲದ ದನಿಯಲ್ಲಿ.

ಹನ್ನೊಂದೂ ಐದು. ಪರದೆ ಎಳೆದು, ಅಂಗಿ ಬಿಚ್ಚಿ, ಜೆಲ್ಲಿ ಬಳಿದು ಇಸಿಜಿ ತಂತಿಯ ಆರೂ ರಬ್ಬರ್ ಬುರುಡೆಗಳನ್ನು ನನ್ನ ಎದೆಗೇ ಒತ್ತಿಕೊಂಡೆ. ಅವರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

"ನಿನಗೂ ಎದಿ ನೋಯ್ತೈತೇನೋ ತಮ್ಮಾ? ಮೊದ್ಲ ನಿಂದ ನೋಡ್ಕೋ. ನಂದೇನ್ ಅವಸರಿಲ್ಲ."

ಬಂದ ಗೆರೆಗಳ ಮೇಲೆ ಗುರುಶಾಂತವ್ವ, ಹೆಣ್ಣು, ಅರವತ್ತೆರಡು ಎಂದು ತುಂಬಿ ಕಳಿಸಿದೆ.

ಆಮೇಲೆ ಅವರನ್ನು ಕ್ಯಾಮೆರಾದ ಮುಂದೆ ಕೂರಿಸಿದೆ. ಹಿಡಿದಂತಾಗುತ್ತದೆ, ಎಡಗೈವರೆಗೂ ಬರುತ್ತದೆ ಎಂದು ಅವರು ಸರಿಯಾಗಿಯೇ ಹೇಳಿದರು. ಡಾಕ್ಟರು ಆ ಮಾತು ಕೇಳಿದರು, ಗೆರೆಗಳನ್ನು ನೋಡಿದರು, ಗೆರೆಗಳನ್ನು ನಂಬಿದರು. ಹೃದಯಕ್ಕೆ ಏನೂ ಆಗಿಲ್ಲಮ್ಮ, ಗ್ಯಾಸು ಎಂದರು. ಫೋಟೊ ಆಯಿತು. ಗುಳಿಗೆ ಹಿಡಿದುಕೊಂಡು ಅತ್ತೆ ಸೊಸೆ ಬನವಾಸಿ ಬಸ್ಸಿಗೆ ಹೋದರು. ಇನ್ನೊಂದು ದಿನ ಕರೆಸಿ ಸರಿಯಾಗಿ ತೆಗೆದರಾಯಿತು ಎಂದುಕೊಂಡು ನಾನು ಎದೆ ತೊಳೆಯಲು ಹೋದೆ.

ಗುರುವಾರ ತೀರಿಕೊಂಡರು.

ಶನಿವಾರ ದಾಕ್ಷಾಯಿಣಿ ಬಂದಳು. ಕರಡಿಗೆಯನ್ನು ಏನು ಮಾಡಿದಿರಿ ಎಂದು ಕೇಳಿದೆ; ಯಾಕೆ ಕೇಳಿದೆನೋ.

"ಲಿಂಗ ಎಡಗೈಯಾಗ ಇಟ್ಟ ಮಣ್ಣ ಮಾಡಿದ್ವಿರಿ. ದಿನಾ ಪೂಜಿ ಮಾಡೂಮುಂದನೂ ಅಂಗೈಯಾಗ ಹಿಡ್ಕೊಂತಿದ್ರಲ್ರಿ."

ಅಂಗೈಯಲ್ಲಿ ಹಿಡಿದುಕೊಂಡು ಮಲಗಿ ಎಂದಿದ್ದರೆ ಮುಗಿಯುತ್ತಿತ್ತು. ತಂತಿಗೆ ತಾಗದಂತಿದ್ದರೆ ಬೆಳ್ಳಿಯಿಂದ ಇಸಿಜಿಗೆ ಏನೂ ಆಗುವುದಿಲ್ಲ. ಆ ಸೂಚನೆಯನ್ನು ನಾನು ಎಕ್ಸ್‌ರೇ ಕೋಣೆಯ ಗೋಡೆಯಿಂದ ನಕಲು ಮಾಡಿದ್ದೆ. ನೀನಿದ್ದರೆ ಅವರ ಮಗ್ಗುಲಲ್ಲಿ ಕೂತು, ಏನಮ್ಮ ಮಾಡೋಣ ಎಂದು ಅವರನ್ನೇ ಕೇಳುತ್ತಿದ್ದೆ.

ರಾಜೀನಾಮೆ ಕೊಟ್ಟಿದ್ದೇನೆ. ಕಾರಣ ವೈಯಕ್ತಿಕ ಎಂದು ಬರೆದೆ. ದಾಕ್ಷಾಯಿಣಿಗೆ ಹೇಳಲಿಲ್ಲ. ನಿನಗೆ ಹೇಳುವುದು ಸುಲಭ. ನೀನು ಮೊದಲೇ ಬಿಟ್ಟುಹೋದವಳು.

ಶಾಂತಾರಾಮ

ಮರೆತದ್ದು: ದಾಕ್ಷಾಯಿಣಿ ಬಂದದ್ದು ಆ ಇಸಿಜಿ ಕಾಗದ ಕೇಳಲು. "ನಮ್ಮತ್ತಿ ಎದಿ ಬಡದದ್ದು ಇದರಾಗರ ಐತಲ್ರಿ, ದೇವರ ಜಗಲಿ ಮ್ಯಾಲ ಇಟ್ಟ ವಿಭೂತಿ ಹಚ್ತೇವಿ," ಎಂದಳು. ಕೊಟ್ಟೆ. ಮಡಿಕೆ ಬೀಳಬಾರದೆಂದು ದೊಡ್ಡ ಲಕೋಟೆಯನ್ನೂ ನಾನೇ ಹುಡುಕಿಕೊಟ್ಟೆ.